ವಾಲ್ವಿಗೆ ಕಟ್ಟಿದ ಸುಣ್ಣ ಗುಳಿಗೆಗೆ ಕರಗುತ್ತಾ?

ಕುಮಟಾ ಹತ್ತಿರದ ಹಳ್ಳಿಯಲ್ಲಿರುವ ನನ್ನ ದೊಡ್ಡಪ್ಪನಿಗೆ ಈಗ ಎಪ್ಪತ್ತಾರು. ಹೋದ ಮಳೆಗಾಲಕ್ಕೆ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ರಿಪೋರ್ಟಿನಲ್ಲಿ ಎರಡು ಸಾಲು ಬಂದಿತ್ತು. ಅಯೋರ್ಟಿಕ್ ವಾಲ್ವ್ ದಪ್ಪಗಾಗಿ ಸುಣ್ಣ ಕಟ್ಟಿದೆ. ಮಧ್ಯಮ ಪ್ರಮಾಣದ ಸ್ಟೆನೋಸಿಸ್. ಅಂದರೆ ಹೃದಯದ ಬಾಗಿಲು ಕಿರಿದಾಗಿದೆ. ಚೀಟಿಯಲ್ಲಿ ಬಿಪಿ ಗುಳಿಗೆಯ ಕೆಳಗೆ, ರಾತ್ರಿಗೊಂದು ಅಟೊರ್ವಾಸ್ಟ್ಯಾಟಿನ್, ಕೊಲೆಸ್ಟರಾಲ್ ಇಳಿಸುವ ಗುಳಿಗೆ. ಯಾರು ಹೇಳಿದರೋ ಗೊತ್ತಿಲ್ಲ, "ಇದು ವಾಲ್ವಿಗೆ" ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಜಗಲಿಯಲ್ಲಿ ಕವಳಕ್ಕೆ ಸುಣ್ಣ ಹಚ್ಚುತ್ತಾ ಕೇಳಿದರು: "ತಮಾ, ಈ ಗುಳಿಗೆ ತಗಂಡ್ರೆ ವಾಲ್ವಿನ ಸುಣ್ಣ ಕರಗ್ತಾ?"

ಇಲ್ಲ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಹಾಗೆ ಹೇಳಿದರೆ ಮರುದಿನದಿಂದಲೇ ಅವರು ಗುಳಿಗೆ ಬಿಡುತ್ತಾರೆ. ಹೌದು ಅಂದರೆ ಮುಂದಿನ ಎಕೋಗೆ ಹೋಗುವುದಿಲ್ಲ. ಎರಡೂ ಅಪಾಯವೇ. ಅದಕ್ಕೇ ಈ ಲೇಖನ ಉದ್ದವಾಗುತ್ತಿದೆ.

ಅವರ ಪ್ರಶ್ನೆಯೇನೂ ದಡ್ಡ ಪ್ರಶ್ನೆಯಲ್ಲ. ಹೃದಯ ತಜ್ಞರು ಇದೇ ಪ್ರಶ್ನೆ ಹಿಡಿದುಕೊಂಡು ಹದಿನೈದು ವರ್ಷ ಕಳೆದಿದ್ದಾರೆ. ಉತ್ತರ ಹೌದು ಅಂತಲೇ ಬಹಳ ಜನ ನಂಬಿದ್ದರು.

ಮೊದಲು ಬಾಗಿಲಿನ ವಿಷಯ. ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿ ಕಟ್ಟೆಯ ನಡುವೆ ಹಲಗೆಯ ಬಾಗಿಲು ಇರುತ್ತದೆ. ಇಳಿತದಲ್ಲಿ ಗದ್ದೆಯ ನೀರು ಹೊರಗೆ ಹೋಗಬೇಕು. ಭರತದಲ್ಲಿ ಉಪ್ಪು ನೀರು ಒಳಗೆ ನುಗ್ಗಬಾರದು. ಹೃದಯದ ಎಡ ಕೋಣೆಯಿಂದ ರಕ್ತ ದೊಡ್ಡ ನಾಳಕ್ಕೆ ಹೋಗುವ ಜಾಗದಲ್ಲೂ ಇಂಥದೇ ಒಂದು ಬಾಗಿಲಿದೆ. ಅದೇ ಅಯೋರ್ಟಿಕ್ ವಾಲ್ವ್. ಹಲಗೆಯ ಬದಲು ಮೂರು ತೆಳು ಎಸಳು. ಒಂದು ಮಿಲಿಮೀಟರೂ ದಪ್ಪವಿಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ.

ಸರಿಯಾಗಿರುವಾಗ ತೆರೆದ ಬಾಗಿಲಿನ ವಿಸ್ತೀರ್ಣ 3ರಿಂದ 4 ಚದರ ಸೆಂಟಿಮೀಟರ್. ಎಸಳಿಗೆ ಸುಣ್ಣ ಕಟ್ಟುತ್ತಾ ಹೋದರೆ ಅದು ಮಡಚುವುದಿಲ್ಲ, ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅದು 1 ಚದರ ಸೆಂಟಿಮೀಟರಿಗಿಂತ ಕಡಿಮೆಯಾದರೆ ತೀವ್ರ ಅಂತ ಲೆಕ್ಕ. ಎಕೋದಲ್ಲಿ ಇದನ್ನು ರಕ್ತದ ವೇಗದಿಂದ ಅಳೆಯುತ್ತಾರೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ವಾ? ಅದೇ ತತ್ವ. ಬಾಯಿ ಕಿರಿದಾದಷ್ಟೂ ವೇಗ ಜಾಸ್ತಿ. ಸೆಕೆಂಡಿಗೆ 2ರಿಂದ 3 ಮೀಟರ್ ಒಳಗಿದ್ದರೆ ಸೌಮ್ಯ, 3ರಿಂದ 4ರವರೆಗೆ ಮಧ್ಯಮ, 4 ದಾಟಿದರೆ ತೀವ್ರ. ರಿಪೋರ್ಟ್ ಕೈಗೆ ಬಂದಾಗ ಈ ಸಂಖ್ಯೆ ಎಲ್ಲಿದೆ ಅಂತ ಹುಡುಕಿ ನೋಡಿ. ಉಳಿದ ಅರ್ಧ ಪುಟದಷ್ಟು ಅಳತೆಗಿಂತ ನಿಮ್ಮ ಕೆಲಸಕ್ಕೆ ಬರುವುದು ಇದೇ.

ಕವಳದ ಸುಣ್ಣಕ್ಕೂ ವಾಲ್ವಿನ ಸುಣ್ಣಕ್ಕೂ ಸಂಬಂಧವಿಲ್ಲ. ಹೊಳೆಯ ಚಿಪ್ಪಿ ಸುಟ್ಟು ಮಾಡಿದ ಸುಣ್ಣ ಎಲೆಯ ಮೇಲೆ ಹಚ್ಚಿಕೊಂಡರೆ ಅದು ಎದೆಗೆ ಹೋಗಿ ಕೂರುವುದಿಲ್ಲ. ಹಾಲು ಕುಡಿದದ್ದಕ್ಕೂ ಹೀಗಾಗಲ್ಲ. ಕವಳದ ಜೊತೆ ಹೋಗುವ ತಂಬಾಕಿನ ವಿಷಯ ಬೇರೆ. ಅದನ್ನು ದೊಡ್ಡಪ್ಪನಿಗೆ ಹೇಳಿ ಹೇಳಿ ಮನೆಯವರೆಲ್ಲ ಸೋತಿದ್ದಾರೆ.

ಹಾಗಾದರೆ ಸುಣ್ಣ ಎಲ್ಲಿಂದ ಬಂತು? ಬಹಳ ಕಾಲ ಇದ್ದ ಉತ್ತರ ಒಂದೇ: ಸವೆತ. ವಯಸ್ಸಾಯಿತು, ಬಾಗಿಲು ಸವೆಯಿತು, ಸುಣ್ಣ ಕಟ್ಟಿತು. 1994ರಲ್ಲಿ ಅಮೆರಿಕದ ಸಿಯಾಟಲ್‌ನ ಕ್ಯಾಥರಿನ್ ಆಟೊ ಮತ್ತು ಜೊತೆಗಾರರು, ತೀರಿಕೊಂಡವರ ವಾಲ್ವ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅಲ್ಲಿ ಸವೆತದ ಗುರುತಿಗಿಂತ ಬೇರೆಯದೇ ಕಂಡಿತು. ಎಸಳಿನೊಳಗೆ ಕೊಬ್ಬು ಸೇರಿತ್ತು. ಅದನ್ನು ತಿನ್ನಲು ಬಂದ ಬಿಳಿ ರಕ್ತಕಣಗಳಿದ್ದವು. ಉರಿಯೂತವಿತ್ತು. ಅದರ ಪಕ್ಕದಲ್ಲೇ ಸುಣ್ಣದ ಕಣಗಳು. ಹೃದಯದ ರಕ್ತನಾಳ ಕಟ್ಟಿಕೊಳ್ಳುವಾಗ ಏನೇನು ಕಾಣುತ್ತದೋ ಬಹುಪಾಲು ಅದೇ.

1997ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಅಮೆರಿಕದಲ್ಲಿ 65 ದಾಟಿದ 5,201 ಜನರಿಗೆ ಎಕೋ ಮಾಡಿದ ದೊಡ್ಡ ಅಧ್ಯಯನ ಅದು. ಶೇ. 26 ಜನರಿಗೆ ವಾಲ್ವ್ ದಪ್ಪಗಾಗಿತ್ತು, ಶೇ. 2 ಜನರಿಗೆ ಕಿರಿದಾಗಿತ್ತು. ಯಾರಿಗೆ ಜಾಸ್ತಿ ಅಂತ ನೋಡಿದರೆ ಹಳೆಯ ಪರಿಚಿತರದೇ ಪಟ್ಟಿ. ವಯಸ್ಸು, ಗಂಡಸರು, ಸಿಗರೇಟು, ಬಿಪಿ, ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್. ಹಾರ್ಟ್ ಅಟ್ಯಾಕ್ ತರುವವರೂ ಇವರೇ.

ಈ ಹೊತ್ತಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಎಂಬ ಔಷಧ ಹೆಸರು ಮಾಡಿತ್ತು. ದೊಡ್ಡಪ್ಪನ ಅಟೊರ್ವಾಸ್ಟ್ಯಾಟಿನ್ ಇದೇ ಬಳಗದ್ದು. ಜಪಾನಿನ ಅಕಿರ ಎಂಡೊ 1970ರ ದಶಕದಲ್ಲಿ ಒಂದು ಬೂಸ್ಟಿನಿಂದ ಇದರ ಮೂಲ ವಸ್ತುವನ್ನು ತೆಗೆದಿದ್ದರು. 1987ರಲ್ಲಿ ಮೊದಲ ಸ್ಟ್ಯಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. ಆಟೊ ಅವರ ವರದಿ ಬಂದ 1994ರಲ್ಲೇ ಉತ್ತರ ಯುರೋಪಿನ ಪ್ರಯೋಗವೊಂದರ ಫಲಿತಾಂಶವೂ ಬಂತು. ಹೃದಯ ಕಾಯಿಲೆ ಇದ್ದ 4,444 ಜನರಲ್ಲಿ ಸಿಮ್ವಾಸ್ಟ್ಯಾಟಿನ್ ತೆಗೆದುಕೊಂಡವರ ಸಾವು ಶೇ. 30ರಷ್ಟು ಕಡಿಮೆಯಾಗಿತ್ತು. ಒಂದು ಕಡೆ ವಾಲ್ವಿನಲ್ಲಿ ಕೊಬ್ಬು. ಇನ್ನೊಂದು ಕಡೆ ಕೊಬ್ಬಿಳಿಸಿ ಜೀವ ಉಳಿಸುವ ಗುಳಿಗೆ. ಎರಡನ್ನೂ ಜೋಡಿಸದೆ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ಜೋಡಿಸಿದರು. 2001, 2002ರಲ್ಲಿ ಒಂದರ ಮೇಲೊಂದು ವರದಿ. ಆಸ್ಪತ್ರೆಯ ಹಳೆಯ ಕಡತ ತೆಗೆದು, ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದರು. ತೆಗೆದುಕೊಂಡವರ ವಾಲ್ವ್ ನಿಧಾನವಾಗಿ ಕಿರಿದಾಗಿತ್ತು. ಕೆಲವು ವರದಿಯಲ್ಲಂತೂ ಅರ್ಧದಷ್ಟು ನಿಧಾನ. ಹಲವು ವೈದ್ಯರು ಆಗಲೇ ಬರೆದುಕೊಡಲು ಶುರು ಮಾಡಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಡವಿದ್ದು ಇಲ್ಲೇ.

ನಮ್ಮ ಕಡೆ ಈಗ ಅಡಿಕೆಗೆ ಎಲೆಚುಕ್ಕಿ ರೋಗ. ಹೊಸದೊಂದು ಔಷಧಿ ಬಂತು ಅಂದುಕೊಳ್ಳಿ. ಹೊಡೆದವರ ತೋಟ ಚೆನ್ನಾಗಿದೆ, ಹೊಡೆಯದವರ ತೋಟ ಒಣಗಿದೆ. ಔಷಧಿಯಿಂದಲೇ ಅಂತ ಹೇಳುತ್ತೀರಾ? ಹೊಸ ಔಷಧಿ ತಂದು ಹೊತ್ತಿಗೆ ಸರಿಯಾಗಿ ಹೊಡೆಯುವವನು ಯಾರು? ಬಸಿಗಾಲುವೆ ತೆಗೆಸುವವನು, ಗೊಬ್ಬರ ಹಾಕುವವನು, ಬಿದ್ದ ಸೋಗೆ ಎತ್ತಿ ಸುಡುವವನು. ಅವನ ತೋಟ ಔಷಧಿ ಇಲ್ಲದೆಯೂ ಸ್ವಲ್ಪ ಚೆನ್ನಾಗಿಯೇ ಇರುತ್ತಿತ್ತು. ನಿಜ ತಿಳಿಯಬೇಕಾದರೆ ಊರಿನ ತೋಟಗಳ ಹೆಸರನ್ನು ಚೀಟಿ ಎತ್ತಬೇಕು. ಅರ್ಧಕ್ಕೆ ಔಷಧಿ, ಅರ್ಧಕ್ಕೆ ಸುಮ್ನೆ ನೀರು. ಯಾರಿಗೆ ಯಾವುದು ಅಂತ ಯಜಮಾನನಿಗೂ ಗೊತ್ತಿರಬಾರದು, ಹೊಡೆಯುವವನಿಗೂ ಗೊತ್ತಿರಬಾರದು.

ವಾಲ್ವಿನ ವಿಷಯದಲ್ಲಿ ಹಾಗೆ ಚೀಟಿ ಎತ್ತಿದ ಮೊದಲ ಮುಖ್ಯ ಪ್ರಯೋಗ ಸ್ಕಾಟ್ಲೆಂಡಿನದು. ಸಾಲ್ಟೈರ್ ಅಂತ ಹೆಸರು. ಫಲಿತಾಂಶ ಬಂದದ್ದು 2005ರಲ್ಲಿ. 155 ರೋಗಿಗಳು. ಅರ್ಧ ಜನಕ್ಕೆ 80 ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್, ಅಂದರೆ ಪೂರ್ತಿ ಡೋಸ್. ಉಳಿದವರಿಗೆ ಅದೇ ರೂಪದ ಸುಳ್ಳು ಗುಳಿಗೆ. ಎರಡು ವರ್ಷದ ಮೇಲೆ ನೋಡಿದರೆ ಗುಳಿಗೆ ತಿಂದವರ ಎಲ್‌ಡಿಎಲ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ವಾಲ್ವ್? ರಕ್ತದ ವೇಗ ವರ್ಷಕ್ಕೆ 0.199 ಮೀಟರ್‌ನಂತೆ ಏರಿತ್ತು. ಸುಳ್ಳು ಗುಳಿಗೆಯವರಲ್ಲಿ 0.203. ಒಂದೇ ಎನ್ನಿ. ಕೊಲೆಸ್ಟರಾಲ್ ಇಳಿದದ್ದು ವಾಲ್ವಿಗೆ ಗೊತ್ತೇ ಆಗಲಿಲ್ಲ.

ಜನ ಸಣ್ಣ ಪ್ರಯೋಗ ಅಂದರು, ತಡವಾಗಿ ಶುರು ಮಾಡಿದಿರಿ ಅಂದರು. ಎರಡೂ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ 2008ರಲ್ಲಿ ಸೀಸ್ ಪ್ರಯೋಗ ಬಂತು. ಯುರೋಪಿನ 7 ದೇಶಗಳ 1,873 ಜನ. ಎಲ್ಲರದ್ದೂ ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಕಿರಿದಾಗುವಿಕೆ, ಯಾರಿಗೂ ಲಕ್ಷಣವಿಲ್ಲ. ಒಂದಲ್ಲ, ಎರಡು ಔಷಧ ಕೊಟ್ಟರು: ಸಿಮ್ವಾಸ್ಟ್ಯಾಟಿನ್ ಜೊತೆಗೆ ಕೊಲೆಸ್ಟರಾಲ್ ಇಳಿಸುವ ಇನ್ನೊಂದು ಗುಳಿಗೆ ಎಜೆಟಿಮೈಬ್. ನಾಲ್ಕು ವರ್ಷಕ್ಕಿಂತ ಜಾಸ್ತಿ ಕಾಲ ನೋಡಿದರು. ಇನ್ನೊಂದು ವಿಷಯ ಇಲ್ಲಿ ಗಮನಿಸಬೇಕು. ಹಾರ್ಟ್ ಅಟ್ಯಾಕ್ ಆದವರು, ಶುಗರ್ ಇದ್ದವರು, ಹೇಗಿದ್ದರೂ ಸ್ಟ್ಯಾಟಿನ್ ಬೇಕೇಬೇಕು ಎನ್ನುವವರನ್ನು ಇದರಲ್ಲಿ ಸೇರಿಸಲಿಲ್ಲ. ಅಂಥವರಿಗೆ ಸುಳ್ಳು ಗುಳಿಗೆ ಕೊಡುವುದು ಅನ್ಯಾಯವಾಗುತ್ತಿತ್ತು. ಹಾಗಾಗಿ ಈ ಪ್ರಯೋಗ ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಕಾರಣವಿಲ್ಲದಿದ್ದರೂ, ಬರೀ ವಾಲ್ವಿಗಾಗಿ ಈ ಗುಳಿಗೆ ಕೊಡಬೇಕಾ?

ವಾಲ್ವ್ ಬದಲಿಸಬೇಕಾಗಿ ಬಂದವರು ಗುಳಿಗೆಯ ಗುಂಪಿನಲ್ಲಿ ಶೇ. 28.3, ಸುಳ್ಳು ಗುಳಿಗೆಯ ಗುಂಪಿನಲ್ಲಿ ಶೇ. 29.9. ಲೆಕ್ಕಕ್ಕೆ ಬರುವ ವ್ಯತ್ಯಾಸ ಇಲ್ಲ. ಆದರೆ ಅದೇ ಪ್ರಯೋಗದ ಇನ್ನೊಂದು ಸಾಲು ನೋಡಿ. ರಕ್ತನಾಳ ಕಟ್ಟಿಕೊಂಡು ಆಗುವ ತೊಂದರೆಗಳು ಗುಳಿಗೆಯವರಲ್ಲಿ ಶೇ. 15.7, ಇನ್ನೊಂದು ಗುಂಪಿನಲ್ಲಿ ಶೇ. 20.1. ಬಹುಪಾಲು ಬೈಪಾಸ್ ಕಡಿಮೆಯಾದದ್ದರಿಂದ ಬಂದ ಲಾಭ ಇದು. ಅಂದರೆ ಅದೇ ಗುಳಿಗೆ, ಅದೇ ಹೃದಯ, ಅದೇ ನಾಲ್ಕು ವರ್ಷ. ನಾಳಕ್ಕೆ ಕೆಲಸ ಮಾಡಿತು, ಬಾಗಿಲಿಗೆ ಮಾಡಲಿಲ್ಲ. ದೊಡ್ಡಪ್ಪನಿಗೆ ನಾನು ಕೊಡಬೇಕಾಗಿದ್ದ ಉತ್ತರ ಈ ಎರಡು ಸಾಲುಗಳಲ್ಲೇ ಇದೆ.

ಸೀಸ್ ಜೊತೆಗೆ ಒಂದು ಗಾಬರಿಯೂ ಬಂತು. ಗುಳಿಗೆ ತಿಂದವರಲ್ಲಿ 105 ಜನಕ್ಕೆ ಕ್ಯಾನ್ಸರ್, ತಿನ್ನದವರಲ್ಲಿ 70. ಪತ್ರಿಕೆಗಳಿಗೆ ಇಷ್ಟು ಸಾಕಲ್ವಾ? ಆಕ್ಸ್‌ಫರ್ಡಿನ ರಿಚರ್ಡ್ ಪೀಟೊ ಅದೇ ಔಷಧದ ಮೇಲೆ ಆಗ ನಡೆಯುತ್ತಿದ್ದ ಇನ್ನೆರಡು ದೊಡ್ಡ ಪ್ರಯೋಗಗಳ ಲೆಕ್ಕ ತೆಗೆದು ನೋಡಿದರು. ಅಲ್ಲಿ ಅಂಥದ್ದೇನೂ ಕಾಣಲಿಲ್ಲ. 18,144 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಕ್ಯಾನ್ಸರ್ ಎರಡು ಗುಂಪಿನಲ್ಲೂ ಸಮವೇ. ಸೀಸ್‌ನದು ಆಕಸ್ಮಿಕ ಅಂತ ಈಗ ಒಪ್ಪಿದ್ದಾರೆ. ಆದರೂ ಕೊಲೆಸ್ಟರಾಲ್ ಗುಳಿಗೆಯಿಂದ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸಾಪ್ ಸಂದೇಶ ಇವತ್ತಿಗೂ ಊರೂರು ತಿರುಗುತ್ತಿದೆ.

2010ರಲ್ಲಿ ಕೆನಡಾದ ಆಸ್ಟ್ರಾನಮರ್ ಪ್ರಯೋಗ. 269 ಜನ, ಸರಾಸರಿ ವಯಸ್ಸು 58, ರೋಸುವಾಸ್ಟ್ಯಾಟಿನ್ 40 ಮಿಲಿಗ್ರಾಂ. ಫಲಿತಾಂಶ ಅದೇ. ಮೂರು ಸಲ ಚೀಟಿ ಎತ್ತಿದರು, ಮೂರು ಸಲವೂ ಒಂದೇ ಉತ್ತರ. ವಾಲ್ವ್ ಕಿರಿದಾಗುವುದನ್ನು ತಡೆಯಲು ಸ್ಟ್ಯಾಟಿನ್ ಕೊಡಬೇಡಿ ಅಂತ ಅಮೆರಿಕದ ಹೃದಯ ತಜ್ಞರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಅದೇ ಮಾರ್ಗಸೂಚಿ, ರಕ್ತನಾಳದ ಕಾಯಿಲೆ ತಡೆಯಲು ಬೇಕಾದವರಿಗೆ ಕೊಡಿ ಅಂತಲೂ ಹೇಳುತ್ತದೆ. ಎರಡನೆಯ ವಾಕ್ಯ ಜನಕ್ಕೆ ತಲುಪುವುದೇ ಇಲ್ಲ.

ಮೂಲದಲ್ಲಿ ಒಂದೇ ಕಾಯಿಲೆಯ ಹಾಗೆ ಕಾಣುವಾಗ ಹೀಗೇಕಾಯಿತು? ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಈ ಭಾಗ. ಕಾಯಿಲೆ ಶುರುವಾಗುವ ರೀತಿ ಒಂದೇ ಇರಬಹುದು, ಕೆಡಿಸುವ ರೀತಿ ಬೇರೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಗಂಟು ಇರುತ್ತದೆ. ಅದು ಒಡೆದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ, ಹಾರ್ಟ್ ಅಟ್ಯಾಕ್ ಆಗುತ್ತದೆ. ಸ್ಟ್ಯಾಟಿನ್ ಆ ಗಂಟನ್ನು ಗಟ್ಟಿ ಮಾಡಿ ಒಡೆಯದಂತೆ ನೋಡಿಕೊಳ್ಳುತ್ತದೆ. ಸ್ವಲ್ಪ ಸುಣ್ಣ ಕಟ್ಟಿದ ಗಂಟು ಒಡೆಯುವುದು ಕಡಿಮೆ. ಅಂದರೆ ನಾಳದಲ್ಲಿ ಗಟ್ಟಿಯಾಗುವುದೇ ಒಳ್ಳೆಯದು. ವಾಲ್ವಿನಲ್ಲಿ ಒಡೆಯುವ ಪ್ರಶ್ನೆಯೇ ಇಲ್ಲ. ಅಲ್ಲಿ ತೊಂದರೆ ಅಂದರೆ ಗಟ್ಟಿಯಾಗುವುದೇ. ಕಟ್ಟೆಯ ಕಲ್ಲುಗಳ ನಡುವೆ ಸುಣ್ಣ ಗಟ್ಟಿಯಾದರೆ ಕಟ್ಟೆ ನಿಲ್ಲುತ್ತದೆ. ಅದೇ ಸುಣ್ಣ ಬಾಗಿಲಿನ ತಿರುಗಣಿಗೆ ಕಟ್ಟಿದರೆ ಬಾಗಿಲು ಹೋಯಿತು.

ಇನ್ನೊಂದು ಕಾರಣವೂ ಇದೆ. ಕೊಬ್ಬು ಕೆಲಸ ಶುರು ಮಾಡಿ ಹೋಗಿಬಿಡುತ್ತದೆ. ಆಮೇಲೆ ವಾಲ್ವಿನ ಜೀವಕೋಶಗಳೇ ಮೂಳೆಯ ಕೋಶಗಳ ಹಾಗೆ ವರ್ತಿಸಲು ಶುರು ಮಾಡಿ ತಾವೇ ಸುಣ್ಣ ಕಟ್ಟಿಕೊಳ್ಳುತ್ತವೆ. ಎಕೋದಲ್ಲಿ ಕಾಣುವ ಹೊತ್ತಿಗೆ ಕಥೆ ಎರಡನೆಯ ಅಂಕಕ್ಕೆ ಬಂದಿರುತ್ತದೆ. ಬೆಂಕಿ ಕಡ್ಡಿ ಕಿತ್ತುಕೊಂಡರೆ ಹತ್ತಿದ ಸೋಗೆ ಆರುತ್ತದಾ?

ಹಾಗಾದರೆ ಮೂಳೆಯ ಔಷಧ ಕೊಟ್ಟರೆ? ಅದನ್ನೂ ನೋಡಿದ್ದಾರೆ. ಸಾಲ್ಟೈರ್ ಮಾಡಿದ ಎಡಿನ್‌ಬರೊದ ಬಳಗವೇ 150 ಜನರ ಮೇಲೆ ಮೂಳೆ ಸವೆತಕ್ಕೆ ಕೊಡುವ ಎರಡು ಔಷಧ ಪರೀಕ್ಷಿಸಿ 2021ರಲ್ಲಿ ಕೈ ಚೆಲ್ಲಿತು. 2022ರಲ್ಲಿ ಡೆನ್ಮಾರ್ಕಿನಲ್ಲಿ 365 ಗಂಡಸರಿಗೆ ವಿಟಮಿನ್ ಕೆ-2 ಮತ್ತು ಡಿ ಕೊಟ್ಟು ನೋಡಿದರು. ವಾಲ್ವಿನ ಸುಣ್ಣ ಏರುತ್ತಲೇ ಇತ್ತು. ಆನ್‌ಲೈನಿನಲ್ಲಿ ಕೆ-2 ಡಬ್ಬಿ ತರಿಸುವವರು ಆ ದುಡ್ಡಿಗೆ ಒಂದು ಎಕೋ ಮಾಡಿಸಿಕೊಳ್ಳಲಿ. ಮುರುಗಲು ನೀರು ಕುಡಿದರೆ ಕೊಬ್ಬು ಕರಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಬಿಸಿಲಿಗೆ ಅದು ಚೆನ್ನಾಗಿರುತ್ತದೆ, ಕುಡಿಯಿರಿ. ವಾಲ್ವಿನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಕೊಲೆಸ್ಟರಾಲ್ ಕಥೆ ಇಲ್ಲಿಗೆ ಪೂರ್ತಿ ಮುಗಿದಿಲ್ಲ. ಎಲ್‌ಡಿಎಲ್‌ಗೆ ಒಬ್ಬ ದಾಯಾದಿ ಇದ್ದಾನೆ, ಲೈಪೊಪ್ರೋಟೀನ್-ಎ. ಊಟದಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಹುಪಾಲು ಅಪ್ಪ ಅಮ್ಮನಿಂದ ಬಂದದ್ದು. ಪ್ರಪಂಚದಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಇದು ಜಾಸ್ತಿ ಇರುತ್ತದೆ. 2013ರಲ್ಲಿ ಬಂದ ವಂಶವಾಹಿ ಅಧ್ಯಯನವೊಂದು, ಇದನ್ನು ಏರಿಸುವ ಜೀನ್ ಇದ್ದವರಿಗೆ ವಾಲ್ವಿನಲ್ಲಿ ಸುಣ್ಣವೂ ಜಾಸ್ತಿ ಅಂತ ತೋರಿಸಿತು. ತಮಾಷೆಯೆಂದರೆ ಸ್ಟ್ಯಾಟಿನ್ ಇದನ್ನು ಇಳಿಸುವುದೇ ಇಲ್ಲ. ಇಷ್ಟು ವರ್ಷ ದಾಯಾದಿಯ ತಪ್ಪಿಗೆ ಅಣ್ಣನನ್ನು ಹಿಡಿದು ಹೊಡೆದ ಹಾಗಾಯಿತಾ ಅಂತ ಕೆಲವರಿಗೆ ಅನುಮಾನ. ಇದನ್ನು ಇಳಿಸುವ ಹೊಸ ಇಂಜೆಕ್ಷನ್‌ಗಳ ಪರೀಕ್ಷೆ ನಡೆಯುತ್ತಿದೆ. ಸ್ವಲ್ಪ ಮಟ್ಟಿಗೆ ಇದನ್ನು ಇಳಿಸುವ ಎವೊಲೊಕುಮ್ಯಾಬ್ ಎಂಬ ಔಷಧದ 27,564 ಜನರ ಪ್ರಯೋಗವನ್ನು 2020ರಲ್ಲಿ ಮತ್ತೆ ಕೆದಕಿ ನೋಡಿದಾಗ, ಮೊದಲ ವರ್ಷದ ನಂತರ ವಾಲ್ವಿನ ತೊಂದರೆ ಅರ್ಧದಷ್ಟು ಕಡಿಮೆ ಕಂಡಿತು. ಕೇಳಲು ಹಿತ. ಆದರೆ ಒಟ್ಟು ಪ್ರಕರಣ 63 ಮಾತ್ರ. ಪ್ರಯೋಗ ಮಾಡಿದ್ದೂ ವಾಲ್ವಿಗಾಗಿ ಅಲ್ಲ. 2001ರ ಕಡತಗಳೂ ಹೀಗೇ ಹಿತವಾಗಿ ಮಾತಾಡಿದ್ದವು, ಮರೆಯಬೇಡಿ.

ಬಹಳ ಮುಂಚೆ, ಮೂವತ್ತು ನಲವತ್ತು ವರ್ಷಕ್ಕೇ ಎಲ್‌ಡಿಎಲ್ ಇಳಿಸಿಟ್ಟರೆ ಎಪ್ಪತ್ತಕ್ಕೆ ವಾಲ್ವ್ ಉಳಿಯುತ್ತದಾ? ಉಳಿಯಬಹುದು. ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವ ಜೀನ್ ಹೊತ್ತವರಿಗೆ ವಾಲ್ವಿನ ಕಾಯಿಲೆ ಹೆಚ್ಚು ಅಂತ 2014ರ ಅಧ್ಯಯನ ಹೇಳಿದೆ. ಆದರೆ ಮೂವತ್ತು ವರ್ಷ ಚೀಟಿ ಎತ್ತಿ ಕಾಯುವ ಪ್ರಯೋಗಕ್ಕೆ ದುಡ್ಡು ಹಾಕುವವರು ಯಾರು?

ಒಂದು ಮಾತು ಚುಟುಕಾಗಿ ಹೇಳಿಬಿಡಬೇಕು. ನಮ್ಮ ದೇಶದಲ್ಲಿ ವಾಲ್ವ್ ಕಾಯಿಲೆ ಅಂದರೆ ಬರೀ ಮುದುಕರ ಸುಣ್ಣವಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ಊತ ಜ್ವರ, ಇಪ್ಪತ್ತೈದಕ್ಕೆ ಹೃದಯದ ಇನ್ನೊಂದು ಬಾಗಿಲಾದ ಮೈಟ್ರಲ್ ವಾಲ್ವ್ ಕೆಟ್ಟವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ರುಮ್ಯಾಟಿಕ್. ಅವರಿಗೆ ಬೇಕಾದದ್ದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ತಪ್ಪದೆ. ಈ ಲೇಖನದ ಗುಳಿಗೆಗೂ ಅವರಿಗೂ ಸಂಬಂಧವಿಲ್ಲ. ಹುಟ್ಟುವಾಗಲೇ ಮೂರರ ಬದಲು ಎರಡೇ ಎಸಳು ಇದ್ದವರೂ ಇದ್ದಾರೆ, ನೂರಕ್ಕೆ ಒಬ್ಬರಿಬ್ಬರು. ಅವರ ವಾಲ್ವಿಗೆ ಸುಣ್ಣ ಕಟ್ಟುವುದು ಬೇಗ, ಐವತ್ತರ ಆಸುಪಾಸಿಗೇ.

2025ರ ಜೂನ್, ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಬಂದಾಗ ನಮ್ಮ ಘಟ್ಟದ ಮೇಲೂ ಕೆಳಗೂ ಜನ ಹೆದರಿದ್ದರು. ಪಕ್ಕದ ಮನೆಯವರ ಕೊಲೆಸ್ಟರಾಲ್ ಗುಳಿಗೆ ಕೇಳಿ ನುಂಗಿದವರನ್ನು ನಾನು ಬಲ್ಲೆ. ಅದೇ ವಾರ, ಕಿಡ್ನಿ ಹೋಗುತ್ತದಂತೆ ಅಂತ ಬೈಪಾಸ್ ಆದವರೊಬ್ಬರು ತಮ್ಮ ಗುಳಿಗೆ ಬಿಟ್ಟರು. ಬೇಡದವರು ತಿಂದರು, ಬೇಕಾದವರು ಬಿಟ್ಟರು. ವಾಲ್ವಿನ ವಿಷಯದಲ್ಲೂ ಹೀಗೇ ಆಗುವ ಭಯ ನನಗೆ.

ವಾಲ್ವಿನ ಚಿಕಿತ್ಸೆ ಇವತ್ತಿಗೂ ಒಂದೇ: ಬಾಗಿಲು ಬದಲಿಸುವುದು. ಅದಕ್ಕೆ ದಾರಿಗಳು ಒಳ್ಳೆಯವೇ ಇವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ತಂಡ ತಯಾರಿಸಿದ ಭಾರತದ್ದೇ ವಾಲ್ವನ್ನು 1990ರ ಡಿಸೆಂಬರಿನಲ್ಲಿ ಮೊದಲ ಸಲ ಕೂರಿಸಿದರು. ನಮ್ಮ ಕರಾವಳಿಯವರು ಹೃದಯ ಅಂದರೆ ಓಡುವ ಮಣಿಪಾಲಕ್ಕೆ ಆಮೇಲೆ ಅವರೇ ಕುಲಪತಿಯಾಗಿ ಬಂದರು. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ವಾಲ್ವ್ ಸಾಗಿಸುವ ವಿಧಾನವನ್ನು ಫ್ರಾನ್ಸಿನ ಅಲೈನ್ ಕ್ರಿಬಿಯೆ 2002ರ ಏಪ್ರಿಲ್‌ನಲ್ಲಿ ಶುರು ಮಾಡಿದರು. ನಮ್ಮಲ್ಲೂ ಈಗ ಮಾಡುತ್ತಾರೆ, ಖರ್ಚು ಲಕ್ಷಗಳಲ್ಲಿ. ಲೋಹದ ವಾಲ್ವ್ ಆದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಗುಳಿಗೆ. ಸೊಪ್ಪಿನ ತಂಬುಳಿಯನ್ನು ಒಂದು ವಾರ ದಿನಾ ತಿಂದು, ಇನ್ನೊಂದು ವಾರ ಮುಟ್ಟದೆ ಇದ್ದರೆ ಅದರ ಲೆಕ್ಕ ತಪ್ಪುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಹಾಯವಿದೆ.

ಯಾವಾಗ ಬದಲಿಸಬೇಕು ಎನ್ನುವುದೇ ಇಲ್ಲಿ ಪೇಚಿನ ವಿಷಯ. ಏರು ಹತ್ತುವಾಗ ಎದೆ ಹಿಡಿದ ಹಾಗಾಗುವುದು, ತಲೆ ಸುತ್ತಿ ಬೀಳುವುದು, ಏದುಸಿರು. ಲಕ್ಷಣ ಮೂರೇ. ತೀವ್ರ ಹಂತದಲ್ಲಿ ಇವು ಶುರುವಾಗಿ, ವಾಲ್ವ್ ಬದಲಿಸದೆ ಇದ್ದರೆ ಸರಾಸರಿ ಆಯಸ್ಸು ಎರಡರಿಂದ ಐದು ವರ್ಷ ಅಂತ 1968ರಲ್ಲೇ ರಾಸ್ ಮತ್ತು ಬ್ರೌನ್‌ವಾಲ್ಡ್ ಬರೆದಿದ್ದರು. ಈಗ ಗಾಳಿ ಇನ್ನೂ ಮುಂಚೆ ಬದಲಿಸುವ ಕಡೆ ಬೀಸುತ್ತಿದೆ. 2024ರ ಅಕ್ಟೋಬರಿನಲ್ಲಿ ಬಂದ ಒಂದು ಪ್ರಯೋಗದಲ್ಲಿ, ತೀವ್ರವಾಗಿದ್ದರೂ ಲಕ್ಷಣವಿಲ್ಲದ 901 ಜನರನ್ನು ಎರಡು ಪಾಲು ಮಾಡಿದರು. ಅರ್ಧ ಜನಕ್ಕೆ ಆಗಲೇ ತೊಡೆಯ ಮೂಲಕ ವಾಲ್ವ್, ಉಳಿದವರು ಕಾಯುವುದು. ಕಾದವರಲ್ಲಿ ಶೇ. 87 ಜನ ನಾಲ್ಕು ವರ್ಷದೊಳಗೆ ಹೇಗೂ ವಾಲ್ವ್ ಹಾಕಿಸಿಕೊಳ್ಳಬೇಕಾಯಿತು. ಸುಮಾರು ಅರ್ಧ ಜನ ಒಂದು ವರ್ಷದೊಳಗೇ. ಹಾಗಾಗಿ ಗುಳಿಗೆ ನುಂಗುತ್ತಾ ನೋಡೋಣ ಎನ್ನುವ ಲೆಕ್ಕ ದಿನೇ ದಿನೇ ದುಬಾರಿಯಾಗುತ್ತಿದೆ.

ನಮ್ಮ ಜಿಲ್ಲೆಯಲ್ಲಿ ಅದು ಇನ್ನೂ ದುಬಾರಿ. ಕಾರವಾರದವರು ಗೋವಾ ಕಡೆ, ಶಿರಸಿಯವರು ಹುಬ್ಬಳ್ಳಿ ಕಡೆ, ಹೊನ್ನಾವರ ಭಟ್ಕಳದವರು ಮಣಿಪಾಲ, ಮಂಗಳೂರಿನ ಕಡೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿದ ಮೇಲೆ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಕೂಗಿತು. ಎದೆ ಒಡೆಯುವ ಹಾರ್ಟ್ ಅಟ್ಯಾಕಿಗೆ ಈ ದೂರ ಶಾಪ. ವಾಲ್ವಿಗೆ ಮಾತ್ರ ಸ್ವಲ್ಪ ಕಾಲಾವಕಾಶ ಇದೆ, ಅದು ತಿಂಗಳುಗಳ ಮುಂಚೆ ಹೇಳಿಯೇ ಬರುತ್ತದೆ. ಸೌಮ್ಯವಾಗಿದ್ದರೆ ಮೂರರಿಂದ ಐದು ವರ್ಷಕ್ಕೆ ಒಂದು ಎಕೋ, ಮಧ್ಯಮವಾದರೆ ಒಂದೆರಡು ವರ್ಷಕ್ಕೆ, ತೀವ್ರವಾದರೆ ಆರರಿಂದ ಹನ್ನೆರಡು ತಿಂಗಳಿಗೆ. ಸಾಮಾನ್ಯವಾಗಿ ವೇಗ ವರ್ಷಕ್ಕೆ 0.3 ಮೀಟರ್ ಆಸುಪಾಸು ಏರುತ್ತದೆ. ಅದಕ್ಕಿಂತ ಜೋರಾಗಿ ಏರುತ್ತಿದ್ದರೆ ಅದೇ ಒಂದು ಎಚ್ಚರಿಕೆ. ಹಳೆಯ ರಿಪೋರ್ಟನ್ನು ಎಸೆಯಬಾರದು ಅಂತ ಹೇಳುವುದು ಅದಕ್ಕೇ.

ದೊಡ್ಡಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. ಹೇಳಿದ್ದು ಇಷ್ಟು: ಗುಳಿಗೆ ನಾಳಕ್ಕೆ, ಎಕೋ ಬಾಗಿಲಿಗೆ. ನಿಮಗೆ ಬಿಪಿ ಇದೆ, ವಯಸ್ಸಾಗಿದೆ, ಗುಳಿಗೆ ಬಿಡಬೇಡಿ. ಸುಣ್ಣ ಕರಗುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಮೊದ್ಲೇ ಹೇಳೂಲಾಗಿತ್ತಲ" ಅಂದರು.

ಮುಂದಿನ ಸಲ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಏನಾದರೂ ತೊಂದರೆ ಇದೆಯಾ ಅಂತ ಕೇಳಿದರು. ಅವರು ಎಂದಿನಂತೆ ಏನೂ ಇಲ್ಲ ಅಂದರು. ಆಗ ನನಗೆ ನೆನಪಾಯಿತು. ತೋಟದಿಂದ ಮನೆಗೆ ಬರುವ ಏರಿನಲ್ಲಿ ಅರ್ಧಕ್ಕೆ ಒಂದು ಹಲಸಿನ ಮರವಿದೆ. ಎರಡು ವರ್ಷದಿಂದ ದೊಡ್ಡಪ್ಪ ಅಲ್ಲಿ ನಿಂತು ಕವಳ ಹಾಕುತ್ತಿದ್ದರು. ನಾವೆಲ್ಲ ಕವಳದ ಚಟ ಅಂದುಕೊಂಡಿದ್ದೆವು. ಅದನ್ನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು, "ನಿಲ್ಲದೆ ಹತ್ತಿ ಎಷ್ಟು ದಿನ ಆಯ್ತು ಯಜಮಾನ್ರೆ?"

ದೊಡ್ಡಪ್ಪ ನನ್ನ ಮುಖ ನೋಡಿದರು. ಮಾರ್ಚಿಗೆ ಬರೆದಿದ್ದ ಎಕೋ ಆ ಮಧ್ಯಾಹ್ನವೇ ಆಯಿತು. ರಾತ್ರಿಯ ಗುಳಿಗೆ ಹಾಗೇ ಮುಂದುವರಿದಿದೆ.